ಸುಣ್ಣಕಲ್ಲಿನ ಎಲುಬುಗಳು

ಹುಣಸೂರು
14-2-1943, ಭಾನುವಾರ

ಪ್ರಿಯ ಸುನಂದಾ,

ಗಂಟೆ ಮೂರೂ ಇಪ್ಪತ್ತು. ಕಲ್ಲಿಗೆ ಕಲ್ಲು ತಾಗುವ ಸದ್ದಿಗೆ ಎಚ್ಚರವಾಯಿತು. ಟಕ್ ಎಂದು ಒಂದು ಸಲ, ಆಮೇಲೆ ಬಹಳ ಹೊತ್ತು ಏನಿಲ್ಲ, ಮತ್ತೆ ಟಕ್. ಎದ್ದು ನೋಡಿದರೆ ನಮ್ಮ ಮನೆಯವರು ಹಿತ್ತಲ ಜಗಲಿಯಲ್ಲಿ ಲಾಂದ್ರ ಪಕ್ಕಕ್ಕಿಟ್ಟುಕೊಂಡು ಕಲ್ಲು ಒಡೆಯುತ್ತಿದ್ದಾರೆ. ಸೀಮೆಎಣ್ಣೆ ಸಿಗದ ಈ ಕಾಲದಲ್ಲಿ. ನಾನು ಒಳಗೆ ಬಂದೆ. ಮಗು ಎದ್ದಿಲ್ಲ. ಇನ್ನು ಮಲಗಿದರೂ ನಿದ್ದೆ ಹತ್ತುವುದಿಲ್ಲವೆಂದು, ಎರಡು ವರ್ಷದಿಂದ ಬರೆಯಬೇಕೆಂದಿದ್ದ ಕಾಗದಕ್ಕೆ ಕೂತಿದ್ದೇನೆ.

ಬಿ.ಎಸ್ಸಿ.ಯನ್ನು ಒಗ್ಗರಣೆಗೆ ಹಾಕಿಕೋ ಎಂದು ನೀನು ಬರೆದದ್ದು, ಕಪ್ಪೆ ಕೊಯ್ದು ಬದುಕುವುದಕ್ಕಿಂತ ಅದು ಮೇಲು ಎಂದು ನಾನು ಬರೆದದ್ದು, ಎರಡೂ ನನಗೆ ಬಾಯಿಪಾಠ. ಅದನ್ನು ಮರೆತುಬಿಡೋಣವೆ? ನನಗೀಗ ನಿನ್ನ ಕಣ್ಣು ಬೇಕಾಗಿದೆ, ನಿನ್ನ ಭೂತಗನ್ನಡಿ ಬೇಕಾಗಿದೆ.

ಇದರ ಜೊತೆಗೆ ಬಿಸ್ಕತ್ತಿನ ಡಬ್ಬವೊಂದನ್ನು ಕಳಿಸುತ್ತಿದ್ದೇನೆ. ಹತ್ತಿಯಲ್ಲಿ ಸುತ್ತಿದ ಆರು ಕಲ್ಲುಗಳಿವೆ. ಲಕ್ಷ್ಮಣತೀರ್ಥದ ದಂಡೆಯ ಕೊರಕಲುಗಳಲ್ಲಿ ಇವರು ಆರಿಸಿದ್ದು. ಒಂದು ನೋಡಲು ಥೇಟ್ ಕುರಿಯ ಕಾಲಿನ ಎಲುಬು, ನಡುವೆ ಟೊಳ್ಳು ಕೂಡ ಇದೆ. ಹಳೇ ಪುಸ್ತಕದಂಗಡಿಯಿಂದ ತಂದ ಇಂಗ್ಲಿಷ್ ಕೈಪಿಡಿಯೊಂದರಲ್ಲಿ, ಕಲ್ಲಾದ ಎಲುಬು ನಾಲಿಗೆಗೆ ಅಂಟುತ್ತದೆ ಎಂದಿದೆಯಂತೆ. ಮಣ್ಣು ಒರೆಸಿ ಒಂದೊಂದನ್ನೂ ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ನನಗೂ ಮುಟ್ಟಿಸಿದರು. ಅಂಟಿದ ಹಾಗೇ ಆಯಿತು.

ನಗಬೇಡ. ಹೋದ ಆಗಸ್ಟಿನಿಂದ ಇವರು ಮೊದಲಿನ ಮನುಷ್ಯರಾಗಿರಲಿಲ್ಲ. ಮೂರು ತಿಂಗಳು ಸ್ಕೂಲಿಗೆ ರಜಾ ಹಾಕಿ, ಕ್ಷೌರ ಬಿಟ್ಟು, ಮಾತು ಬಿಟ್ಟು, ತಟ್ಟೆಯ ಮುಂದೆ ಅನ್ನ ಆರುವವರೆಗೆ ಸುಮ್ಮನೆ ಕೂತಿರುತ್ತಿದ್ದರು. ಕಾರಣವನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ, ಇವತ್ತು ಕೈ ಓಡುವುದಿಲ್ಲ. ಕಾರ್ತೀಕದಲ್ಲಿ ಒಂದು ಸಂಜೆ ಹೊಳೆಯ ಕಡೆಯಿಂದ ಮೊದಲನೆಯ ಕಲ್ಲು ಹಿಡಿದು ಬಂದರು. "ಮಂಗಳಾ, ಇದು ನೋಡು" ಎಂದರು. ಮೂರು ತಿಂಗಳಲ್ಲಿ ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವತ್ತಿನಿಂದ ಊಟ ಮಾಡುತ್ತಾರೆ, ಸ್ಕೂಲಿಗೆ ಹೋಗುತ್ತಾರೆ. ಈ ಕಲ್ಲುಗಳು ನಿಜವಾದ ಪಳೆಯುಳಿಕೆಗಳಾಗಿರಲಿ ಎಂದು ನಾನು ದೇವರ ಮುಂದೆ ದೀಪ ಹಚ್ಚುವಾಗ ಕೇಳಿಕೊಳ್ಳುತ್ತೇನೆ. ವಿಜ್ಞಾನ ಓದಿದವಳು.

ಡಬ್ಬದಲ್ಲಿ ಅವರದೇ ಒಂದು ಚೀಟಿ ಇದೆ. ಎರಡು ಪ್ರಶ್ನೆ ಬರೆದಿದ್ದಾರೆ. ಉತ್ತರವನ್ನು ನನ್ನ ಹೆಸರಿಗೇ ಕಳಿಸು.

ನಮಗೊಬ್ಬಳು ಮಗಳು ಹುಟ್ಟಿದ್ದಾಳೆ, ಪುಟ್ಟಿ. ಮೂರು ತಿಂಗಳು. ಕತ್ತು ನಿಂತಿದೆ.

ನಿನ್ನ,
ಸರ್ವಮಂಗಳ


ಮೈಸೂರು, ಚಾಮುಂಡಿಪುರ
3-3-1943

ಮಂಗಳಾ,

ಪೋಸ್ಟಿನವನು ಡಬ್ಬ ಕೊಟ್ಟಾಗ ಅಮ್ಮ ಚಕ್ಕುಲಿ ಎಂದುಕೊಂಡರು. ಬಿಚ್ಚಿ ನೋಡಿ, "ನಿನ್ನ ಸ್ನೇಹಿತೆಯರೂ ನಿನ್ನಂಥವರೇ" ಎಂದು ಒಳಗೆ ಹೋದರು. ಮರೆತುಬಿಡೋಣವೆ ಎಂದು ಕೇಳಿದ್ದೀಯೆ. ಮರೆತು ಒಂದೂವರೆ ವರ್ಷವಾಯಿತು ಕಣೇ, ಮೊದಲು ಬರೆಯುವುದಕ್ಕೆ ಜಂಬ ಅಡ್ಡ ಬಂತು, ಅಷ್ಟೆ.

ಈಗ ಕಲ್ಲಿನ ವಿಷಯ. ಆರನ್ನೂ ಕಾಲೇಜಿನ ಪ್ರಯೋಗಶಾಲೆಗೆ ಒಯ್ದು ಒರೆಸಿ, ಒಂದನ್ನು ಅಡ್ಡಕ್ಕೆ ಕೊಯ್ದು ಭೂತಗನ್ನಡಿಯಲ್ಲಿ ನೋಡಿದೆ. ಎಲುಬಾಗಿದ್ದರೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ಕಣ್ಣುಗಳು ಕಾಣಬೇಕು. ಒಂದೂ ಇಲ್ಲ. ಆಸಿಡ್ ಒಂದು ಹನಿ ಬಿಟ್ಟರೆ ನೊರೆಯುಕ್ಕಿ ಕೊನೆಗೆ ಚಿಟಿಕೆ ಮರಳು ಉಳಿಯುತ್ತದೆ. ಇದು ಸುಣ್ಣಕಲ್ಲು. ಮಳೆಯ ನೀರಲ್ಲಿ ಕರಗಿ ಬಂದ ಸುಣ್ಣ ಗಿಡದ ಬೇರಿನ ಸುತ್ತ ಕಟ್ಟಿಕೊಳ್ಳುತ್ತದೆ. ಬೇರು ಕೊಳೆತುಹೋದ ಮೇಲೆ ನಡುವೆ ಟೊಳ್ಳು ಉಳಿಯುತ್ತದೆ. ಆ ಟೊಳ್ಳನ್ನೇ ನಿಮ್ಮ ಮನೆಯವರು ಎಲುಬಿನ ಟೊಳ್ಳು ಎಂದುಕೊಂಡಿದ್ದಾರೆ. ನಾಲಿಗೆಗೆ ಅಂಟುವುದೆಂದರೆ, ಸಣ್ಣ ರಂಧ್ರಗಳಿರುವ ಯಾವ ಒಣ ಕಲ್ಲಾದರೂ ಅಂಟುತ್ತದೆ, ಮಡಕೆ ಚೂರೂ ಅಂಟುತ್ತದೆ. ಇನ್ನು ನಮ್ಮ ಸೀಮೆಯ ಬಂಡೆಗಳೋ, ಪ್ರಾಣಿಗಳು ಹುಟ್ಟುವುದಕ್ಕಿಂತ ಮುಂಚಿನವು. ಅವುಗಳಲ್ಲಿ ಎಲುಬು ಹುಡುಕುವುದೆಂದರೆ ತೊಟ್ಟಿಲಲ್ಲಿ ಮುತ್ತಜ್ಜನನ್ನು ಹುಡುಕಿದ ಹಾಗೆ. ಬೇಸರ ಮಾಡಿಕೊಳ್ಳಬೇಡಿರೆಂದು ಹೇಳು. ನಮ್ಮ ಕಾಲೇಜಿನಲ್ಲೇ ಎಷ್ಟೋ ಜನ ಹೀಗೆ ಮೋಸಹೋಗಿದ್ದಾರೆ.

ಚೀಟಿಯ ಎರಡನೆಯ ಪ್ರಶ್ನೆ ಚೆನ್ನಾಗಿದೆ. "ನಮ್ಮ ಕಡೆಯ ಮಣ್ಣಿನಲ್ಲಿ ಹೂತ ಎಲುಬು ಎಷ್ಟು ಕಾಲ ಉಳಿದೀತು? ಕಲ್ಲಾಗಿ ಉಳಿಯುವುದುಂಟೆ?" ಬರೀ ಕಲ್ಲು ಆರಿಸುವವರು ಇಷ್ಟು ಯೋಚಿಸುವುದಿಲ್ಲ. ಉತ್ತರ: ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಕೆಂಪು ಮಣ್ಣು ಹುಳಿ ಮಣ್ಣು. ಎಲುಬಿನ ಸುಣ್ಣವನ್ನು ಅದು ಕರಗಿಸುತ್ತಾ ಹೋಗುತ್ತದೆ. ದೊಡ್ಡ ಪ್ರಾಣಿಯಾದರೆ ಕೆಲವು ಕಾಲ ಉಳಿದೀತು. ಎಳೆಯದಾದರೆ ಹತ್ತು ಹದಿನೈದು ವರ್ಷದಲ್ಲಿ ಗುರುತೂ ಸಿಗಲಾರದು. ಕಲ್ಲಾಗುವ ಮಾತಂತೂ ಇಲ್ಲ.

ನಿನ್ನ ಮಗ ಶಂಭು ಹೇಗಿದ್ದಾನೆ? ನಾಲ್ಕು ತುಂಬಿತಲ್ಲವೆ, ಅಕ್ಷರಾಭ್ಯಾಸವಾಯಿತೆ? ಅವನ ವಿಷಯ ಒಂದು ಸಾಲೂ ಬರೆದಿಲ್ಲವಲ್ಲ ನೀನು. ಅರಿಯಲೂರಿಗೆ ಕಾಲೇಜಿನಿಂದ ಹೋಗಿದ್ದಾಗ ನಾವಿಬ್ಬರೂ ಜಗಳವಾಡಿ ಆರಿಸಿದ ಶಂಖ ನೆನಪಿದೆಯೆ? ಅದು ನಿಜವಾದ ಪಳೆಯುಳಿಕೆ. ಡಬ್ಬದಲ್ಲಿ ಇಟ್ಟಿದ್ದೇನೆ. ಶಂಭುವಿಗೆ ಅತ್ತೆ ಕೊಟ್ಟಳೆಂದು ಹೇಳಿ ಕೊಡು, ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೋ.

ನಿನ್ನ,
ಸುನಂದ


ಹುಣಸೂರು
11-3-1943

ಸುನಂದಾ,

ನಿನ್ನ ಕಾಗದ ನನ್ನ ಹೆಸರಿಗೆ ಬಂತು. ಡಬ್ಬ ಬೇರೆಯಾಗಿ ಇವರ ಕೈಗೆ ಸಿಕ್ಕಿತು. ನಾನು ಮಗುವಿಗೆ ಎರೆಸುತ್ತಿದ್ದೆ. ಬಚ್ಚಲಿನಿಂದ ಬರುವ ಹೊತ್ತಿಗೆ ಇವರು ನಡುಮನೆಯಲ್ಲಿ ಆ ಶಂಖವನ್ನು ಅಂಗೈಲಿ ಇಟ್ಟುಕೊಂಡು ನಿಂತಿದ್ದರು. "ಶಂಭುವಿಗೆ" ಎಂದು ನೀನು ಬರೆದ ಚೀಟಿ ಇನ್ನೊಂದು ಕೈಲಿ.

ಶಂಭು ಇಲ್ಲ ಸುನಂದಾ. ಹೋದ ಆಗಸ್ಟ್ ಹತ್ತೊಂಬತ್ತಕ್ಕೆ ಹೋದ. ಏಳು ದಿನದ ಜ್ವರ. ಆಗ ಪುಟ್ಟಿ ನನ್ನ ಹೊಟ್ಟೆಯಲ್ಲಿ. ಪಿರಿಯಾಪಟ್ಟಣದಿಂದ ಕೊಪ್ಪದ ದಾರಿಯಲ್ಲಿ ಇವರ ಹೊಲವಿದೆ, ಹಿರಿಯರನ್ನೆಲ್ಲ ಮಣ್ಣು ಮಾಡಿದ್ದು ಅಲ್ಲೇ. ನಮ್ಮವರಲ್ಲಿ ಸುಡುವುದಿಲ್ಲ, ನಿನಗೆ ಗೊತ್ತು. ನಾನು ಹೋಗಲಿಲ್ಲ, ಬಸುರಿ ಬರಬಾರದೆಂದರು. ಇವರೇ ಗುಂಡಿಗೆ ಇಳಿದು ಮಲಗಿಸಿ, ಹಿಡಿ ವಿಭೂತಿ ಹಾಕಿ, ಮೇಲೆ ಬಂದರಂತೆ. ಕೆಂಪು ಮಣ್ಣು. ಮನೆಗೆ ಬಂದಾಗ ಪಂಚೆ ತುಂಬ ಅದೇ ಬಣ್ಣ. ಅದನ್ನು ಒಗೆಯಲು ಬಿಡಲಿಲ್ಲ.

ಈಗ ನಿನಗೆ ಎರಡನೆಯ ಪ್ರಶ್ನೆ ಅರ್ಥವಾಗಿರಬೇಕು. ಕಾಗದ ಓದುವವರೆಗೆ ನನಗೂ ಆಗಿರಲಿಲ್ಲ. ಇವರು ಪಳೆಯುಳಿಕೆ ಹುಡುಕುತ್ತಿಲ್ಲ. ಮಣ್ಣಿನಲ್ಲಿ ಇಟ್ಟದ್ದನ್ನು ಮಣ್ಣು ಇಟ್ಟುಕೊಂಡಿರುತ್ತದೆಯೋ ಇಲ್ಲವೋ ಎಂದು ಹುಡುಕುತ್ತಿದ್ದಾರೆ.

ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ನಮ್ಮ ಕಲ್ಲಿಗೆ ಏನಂತೆ?" ಎಂದು ಕೇಳಿದರು.

"ಎಲುಬೇ ಅಂತೆ" ಎಂದೆ.

"ಇನ್ನೊಂದಕ್ಕೆ?"

"ಉಳಿಯುತ್ತದಂತೆ. ಕಲ್ಲಾಗಿ ಉಳಿಯುತ್ತದಂತೆ."

ಕಾಗದ ತೋರಿಸು ಎನ್ನಲಿಲ್ಲ. ಶಂಖವನ್ನು ಮೇಜಿನ ಮೇಲಿಟ್ಟು, ಮುಖ ತೊಳೆದು ಬಂದು, ಪುಟ್ಟಿಯನ್ನು ಎತ್ತಿಕೊಂಡರು. ಮಗು ಹುಟ್ಟಿ ನಾಲ್ಕು ತಿಂಗಳಾಗುತ್ತಾ ಬಂತು, ಅವರು ಎತ್ತಿಕೊಂಡದ್ದು ಇವತ್ತೇ. ನಾನು ಒಳಗೆ ಹೋಗಿ ನಿನ್ನ ಕಾಗದವನ್ನು ಬಚ್ಚಲ ಒಲೆಗೆ ಹಾಕಿದೆ.

ನನಗೆ ಒಂದು ಉಪಕಾರ ಮಾಡು. "ಎಲುಬು" ಎಂದು ನಿನ್ನ ಕೈಬರಹದಲ್ಲಿ ಒಂದೇ ಸಾಲು ಬರೆದು ಕಳಿಸು. ಅವರು ಕೇಳಿದರೆ ತೋರಿಸಲು. ಮಗುವಿಗೆ ಹಾಲು ಕುಡಿಸುವಾಗೆಲ್ಲ ಇದೇ ಯೋಚನೆ: ಕೇಳಿದರೆ ಏನು ತೋರಿಸಲಿ.

ಮಂಗಳ


ಮೈಸೂರು
20-3-1943

ಮಂಗಳಾ,

ನಾಲ್ಕು ಸಲ ಬರೆದು ಹರಿದೆ. ಅಮ್ಮನಿಗೆ ಹೇಳಿದೆ. ಅವರು ಶಂಭುವಿನ ನಾಮಕರಣದ ದಿನ ತೆಗೆದ ಫೋಟೋ ಹುಡುಕಿ ಹೊರಗಿಟ್ಟಿದ್ದಾರೆ.

ಹತ್ತು ಹದಿನೈದು ವರ್ಷ ಎಂದು ಬರೆದ ಈ ಕೈಯನ್ನು ಏನು ಮಾಡಲಿ.

ಆದರೆ ನೀನು ಕೇಳಿದ ಸಾಲನ್ನು ಬರೆಯಲಾರೆ. ಕಟುಕಿ ಎಂದುಕೋ. ನಾಳೆ ಅದು ಬೇರೆಯವರ ಕೈಗೆ ಹೋದರೆ ನನ್ನ ಕೆಲಸ ಹೋಗುತ್ತದೆ. ನನಗಿರುವುದು ಕಾಲೇಜಿನ ಈ ಒಂದು ಕೆಲಸ, ಅಮ್ಮನಿಗಿರುವುದು ನಾನೊಬ್ಬಳು. ನೀನು ಹೇಳಿದ ಸುಳ್ಳನ್ನು ನಾನಾಗಿ ಒಡೆಯುವುದಿಲ್ಲ, ಇಷ್ಟು ಮಾತು ಕೊಡುತ್ತೇನೆ. ಇನ್ನು ಕಲ್ಲು ಕಳಿಸಬೇಡ. ನೀನು ಕಾಗದ ಬರೆ.

ಸುನಂದ


ಹುಣಸೂರು
27-6-1943

ಪ್ರಿಯ ಸುನಂದಾ,

ಮೂರು ತಿಂಗಳು ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದೆ. ಕೋಪ ಮಾಡಿಕೊಳ್ಳಲು ನೀನಾದರೂ ಇದ್ದೀಯಲ್ಲ ಎಂದು ಇವತ್ತು ಬರೆಯುತ್ತಿದ್ದೇನೆ.

ಪುಟ್ಟಿ ತೆವಳುತ್ತಾಳೆ. ಇವರು ನಗುತ್ತಾರೆ. ಸಂಬಳದ ದಿನ ನನಗೆ ಮಲ್ಲಿಗೆ ತಂದಿದ್ದರು. ಕಲ್ಲುಗಳು ನೂರ ಹನ್ನೆರಡಾಗಿವೆ. ಒಂದೊಂದಕ್ಕೂ ನಂಬರು, ಸಿಕ್ಕಿದ ಜಾಗ, ತಾರೀಖು, ಇಂಥ ಎಲುಬು ಎಂಬ ವಿವರ. ಸ್ಕೂಲಿನ ಹುಡುಗರ ಹಳೇ ನೋಟುಪುಸ್ತಕದ ಹಿಂಬದಿಯಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾರೆ. ಮೊದಲು ಎಮ್ಮೆ, ಜಿಂಕೆ ಎಂದೆಲ್ಲ ಬರೆಯುತ್ತಿದ್ದರು. ಈಚೆಗೆ ದೊಡ್ಡ ಕಲ್ಲು ಸಿಕ್ಕರೆ ಮುಟ್ಟುವುದಿಲ್ಲ. ನೂರರ ಮೇಲಿನವೆಲ್ಲ ನನ್ನ ಕಿರುಬೆರಳಿನಷ್ಟು. "ಎಳೆಯ ಪ್ರಾಣಿ" ಎಂದು ಬರೆದಿರುತ್ತದೆ, ಯಾವುದೆಂದು ಇಲ್ಲ.

ಮಗುವಿಗೆ ಎರೆಯಲು ಬರುವ ದೊಡ್ಡತಾಯಮ್ಮ ಎಂಬ ಮುದುಕಿಯ ವಿಷಯ ಹೇಳಬೇಕು. ಹೋದ ವಾರ ಪುಟ್ಟಿಯನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ, ಜಗಲಿಯ ಕಡೆ ನೋಡಿ, "ಯವ್ವಾ, ಸುಣ್ಣಕಲ್ನ ಯಾಕವ್ವ ಅತ್ತೀಲಿ ಸುತ್ತಿ ಮಡಗೀರಿ, ಅದಕ್ಕೇನು ಚಳಿಯಾ?" ಎಂದಳು.

"ಮೆತ್ತಗೆ. ಅವರ ಮುಂದೆ ಹೇಳಬೇಡ" ಎಂದೆ.

"ನಾನ್ಯಾಕೆ ಯೋಳ್ಲಿ? ಊರ್ಗೆಲ್ಲ ಗೊತ್ತು ಬುಡವ್ವ."

"ಊರಿಗೆ ಏನು ಗೊತ್ತು?"

"ಮೇಷ್ಟ್ರು ಮಗೀನ ಕಳ್ಕಂಡು ಕಲ್ಲು ಆಯ್ತಾವ್ರೆ ಅಂತ. ಸುಣ್ಣ ಸುಡೋ ಅಂಕಯ್ಯ ಅವ್ನಲ್ಲ, ಗೂಡ್ಗೆ ಆಕಕೆ ಕೊರಕಲಲ್ಲಿ ಅವನೂ ಇದೇ ಕಲ್ಲು ಅಗೀತನೆ. ಎಲುಬಿನಂಗಿರೋ ಒಳ್ಳೆವು ಸಿಕ್ಕುದ್ರೆ ಎತ್ತಿ ಮೇಷ್ಟ್ರು ಬರೋ ದಾರೀಲಿ ಮಡಗಿ ಬತ್ತನೆ. ಅರ್ಧ ಮಣ್ಣು ಮುಚ್ಚಿ ಮಡಗ್ತನಂತೆ, ಅವರೇ ತಗದಂಗಾಗ್ಲಿ ಅಂತ."

"ಯಾಕೆ?"

ಅವಳು ನನ್ನ ಮುಖ ನೋಡಿದಳು, ಇದೂ ಗೊತ್ತಿಲ್ಲವೆ ಎನ್ನುವ ಹಾಗೆ. "ಅವನ್ಗೂ ಒಂದು ಮಗು ಓಗೈತಲ್ಲವ್ವ" ಎಂದು, ಪುಟ್ಟಿಯ ತಲೆಗೆ ಬಿಸಿನೀರು ಹುಯ್ದಳು.

ಇವರು ಪ್ರತಿ ಸಂಜೆ ಅಷ್ಟು ಸಂತೋಷವಾಗಿ ತರುವುದನ್ನು ಬೆಳಗ್ಗೆ ಯಾರೋ ಅಲ್ಲಿ ಇಟ್ಟಿರುತ್ತಾರೆ. ನಾನು, ಅಂಕಯ್ಯ, ದೊಡ್ಡತಾಯಮ್ಮ, ನೀನು, ಎಲ್ಲರೂ ಸೇರಿ ಒಬ್ಬರನ್ನು ಎತ್ತಿ ಹಿಡಿದಿದ್ದೇವೆ. ಯಾರು ಮೊದಲು ಕೈ ಬಿಡುತ್ತಾರೋ ಎಂದು ಯೋಚಿಸುತ್ತಲೇ ಬೆಳಗಾಗುತ್ತದೆ.

ನಿನ್ನ,
ಮಂಗಳ


ಹುಣಸೂರು
24-10-1943

ಸುನಂದಾ,

ಬಯ್ಯಿ, ಆದರೆ ಓದಿ ಮುಗಿಸಿ ಬಯ್ಯಿ.

ಬರುವ ತಿಂಗಳು ಮೈಸೂರಿನಲ್ಲಿ ಉಪಾಧ್ಯಾಯರ ಸಮ್ಮೇಳನವಿದೆ, ಜೊತೆಗೆ ವಸ್ತುಪ್ರದರ್ಶನ. ಇವರ ಹೆಡ್‌ಮಾಸ್ಟರು ಸಿದ್ದಮಲ್ಲಪ್ಪನವರು ಮನೆಗೇ ಬಂದು, "ಕಂಠಪ್ಪನವರೇ, ನಮ್ಮ ಸ್ಕೂಲಿನ ಕಡೆಯಿಂದ ನಿಮ್ಮ ಎಲುಬುಗಳೇ ಹೋಗಲಿ" ಎಂದುಬಿಟ್ಟರು. ಅವರು ಮಂಡ್ಯದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಊರಿನಲ್ಲಿ ಗೊತ್ತಿಲ್ಲದವರು ಅವರೊಬ್ಬರೇ. ಇವರಿಗೆ ಆದ ಸಂತೋಷವನ್ನು ನೋಡಿ ನನ್ನ ನಾಲಿಗೆ ಏಳಲಿಲ್ಲ.

ಮೂವತ್ತು ಕಲ್ಲು ಆರಿಸಿ, ಬಡಗಿಯಿಂದ ಪೆಟ್ಟಿಗೆ ಮಾಡಿಸಿ, ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದಾರೆ. ಸಂಗ್ರಹಿಸಿದವರು: ಎಸ್. ಕಂಠಪ್ಪ, ಮಿಡಲ್ ಸ್ಕೂಲ್, ಹುಣಸೂರು. ಅದರ ಕೆಳಗೆ: ಗುರುತಿಸಿದವರು, ಕುಮಾರಿ ಸುನಂದಮ್ಮ, ಬಿ.ಎಸ್ಸಿ., ಮೈಸೂರು.

ನಿನ್ನ ಹೆಸರು ಬೇಡ ಎಂದೆ. "ಯಾಕೆ? ಗುರುತು ಮಾಡಿದವರು ಅವರೇ ಅಲ್ಲವೆ, ಹೆಸರು ಹಾಕದಿದ್ದರೆ ಕೃತಘ್ನತೆಯಾಗುತ್ತದೆ" ಎಂದರು. ಮೊದಲು ಅವರನ್ನು ಕೇಳಿ ಬರೆಯೋಣ ಎಂದೆ. "ಕೇಳು" ಎಂದು ನನಗೇ ಬಿಟ್ಟರು. ಅದಾಗಿ ಹನ್ನೆರಡು ದಿನ. ಇವತ್ತು ಕೇಳುತ್ತಿದ್ದೇನೆ. ಪೆಟ್ಟಿಗೆ ನಿನ್ನೆ ಬಸ್ಸಿನಲ್ಲಿ ಹೋಯಿತು.

ಪ್ರದರ್ಶನಕ್ಕೆ ದೊಡ್ಡವರು ಯಾರೂ ಬರುವುದಿಲ್ಲವಂತೆ, ಬರೀ ಮೇಷ್ಟ್ರುಗಳು, ಮಕ್ಕಳು. ಎರಡು ದಿನ. ಆ ಎರಡು ದಿನ ನೀನು ಆ ಕಡೆ ಸುಳಿಯದಿದ್ದರೆ ಸಾಕು.

ಮಂಗಳ


ಮೈಸೂರು
14-11-1943, ಭಾನುವಾರ ಸಂಜೆ

ಸರ್ವಮಂಗಳ,

ಈ ಕಾಗದ ನಾಳೆ ನಿನ್ನ ಕೈ ಸೇರಬೇಕೆಂದು ರೈಲ್ವೆ ಸ್ಟೇಷನ್ನಿನ ಅಂಚೆಪೆಟ್ಟಿಗೆಗೇ ಹೋಗಿ ಹಾಕುತ್ತಿದ್ದೇನೆ.

ನೀನು ಕೇಳಿಕೊಂಡ ಹಾಗೆ, ಹೆಸರಿನ ವಿಷಯ ಯಾರ ಮುಂದೆಯೂ ಎತ್ತದೆ, ನಾನು ಪ್ರದರ್ಶನದ ಕಡೆ ಸುಳಿದಿರಲಿಲ್ಲ. ನಮ್ಮ ಪ್ರೊಫೆಸರೇ ಆಳು ಕಳಿಸಿ ಕರೆಸಿದರು. ಹೋದಾಗ ಪೆಟ್ಟಿಗೆಯ ಮುಂದೆ ಹತ್ತು ಹದಿನೈದು ಜನ. ಒಂದು ಗಾಜಿನ ಬಟ್ಟಲಲ್ಲಿ ಆಸಿಡ್, ಅದರಲ್ಲಿ ನಿಮ್ಮ ಕಲ್ಲು ನೊರೆಯುಕ್ಕಿಸುತ್ತಾ ಕರಗುತ್ತಿತ್ತು. "ಏನಮ್ಮಾ, ಸುಣ್ಣಕ್ಕೆ ಸರ್ಟಿಫಿಕೇಟು ಕೊಡುವ ಕೆಲಸ ಯಾವಾಗಿನಿಂದ?" ಎಂದು ಎಲ್ಲರೆದುರಿಗೆ ಕೇಳಿದರು. ಸುತ್ತ ಇದ್ದವರು ನಕ್ಕರು.

"ಇದು ನನ್ನ ಗುರುತಲ್ಲ ಸಾರ್. ಸುಣ್ಣಕಲ್ಲು ಎಂದೇ ನಾನು ಬರೆದದ್ದು" ಎಂದೆ. ಮಾತು ಮುಗಿದ ಮೇಲೆ ನೋಡುತ್ತೇನೆ, ಕಂಠಪ್ಪನವರು ನನ್ನಿಂದ ಮೂರು ಮಾರು ದೂರದಲ್ಲಿ, ಕೋಟಿನ ಗುಂಡಿ ಹಾಕಿಕೊಂಡು ನಿಂತಿದ್ದಾರೆ. ಮದುವೆಯಲ್ಲಿ ನೋಡಿದ್ದು, ಆದರೂ ಗುರುತು ಸಿಕ್ಕಿತು. ತಲೆ ಪೂರ್ತಿ ಬೆಳ್ಳಗಾಗಿದೆ. ನೀನು ಅದನ್ನು ಬರೆದಿರಲಿಲ್ಲ.

ಜನ ಚದುರಿದ ಮೇಲೆ ಹತ್ತಿರ ಬಂದರು. ಕೋಪವಿರಲಿಲ್ಲ. ತಪ್ಪು ಮಾಡಿದ ಹುಡುಗ ಮೇಷ್ಟ್ರನ್ನು ಕೇಳುವ ಹಾಗೆ ಕೇಳಿದರು: "ಎರಡನೆಯ ಪ್ರಶ್ನೆಗೂ ನೀವು ಬರೆದದ್ದು ಬೇರೆಯೇ ಏನಮ್ಮಾ?"

ಒಡೆಯುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೆ. ಸುಳ್ಳಿನ ಸಾಲು ಬರೆಯಲಾರೆ ಎಂದೂ ಹೇಳಿದ್ದೆ. ಎರಡನ್ನೂ ಉಳಿಸಿಕೊಳ್ಳಲು ಸುಮ್ಮನೆ ನಿಂತೆ. ಅವರು ರಟ್ಟಿನ ಮೇಲಿನ ನನ್ನ ಹೆಸರನ್ನು ಒಮ್ಮೆ ನೋಡಿದರು. ಆಮೇಲೆ "ಸರಿ" ಎಂದು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಪ್ರೊಫೆಸರು ನನ್ನಿಂದ ಲಿಖಿತ ಸಮಜಾಯಿಷಿ ಕೇಳಿದ್ದಾರೆ. ಅದಿರಲಿ. ನೀನು ಅವರನ್ನು ಒಬ್ಬರೇ ಬಿಡಬೇಡ.

ಸುನಂದ


ಹುಣಸೂರು
18-11-1943, ಗುರುವಾರ, ರಾತ್ರಿ ಒಂಬತ್ತೂವರೆ

ಸುನಂದಾ,

ಇದನ್ನು ತಂದವನು ನಿಂಗರಾಜು, ಸೌದೆ ಲಾರಿಯ ಡ್ರೈವರು. ನಂಬಿಗಸ್ತ. ಹತ್ತಕ್ಕೆ ಹೊರಟರೆ, ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ತೆವಳುವ ಲಾರಿ ನಿನ್ನ ಬಾಗಿಲಿಗೆ ಒಂದು ಗಂಟೆಗೆ ಬರಬಹುದು. ಬಾಗಿಲು ಬಡಿದದ್ದಕ್ಕೆ ಅಮ್ಮ ಹೆದರಿದ್ದರೆ ನನ್ನ ಪರವಾಗಿ ಕ್ಷಮೆ ಕೇಳು.

ಇವರು ಬೆಳಗ್ಗೆ ಹೋದವರು ಬಂದಿಲ್ಲ.

ಭಾನುವಾರ ರಾತ್ರಿ ಬಂದು ಉಂಡು ಮಲಗಿದರು. ಪೆಟ್ಟಿಗೆ ಎಲ್ಲಿ ಎಂದು ನಾನು ಕೇಳಲಿಲ್ಲ. ಸೋಮವಾರ ನಿನ್ನ ಕಾಗದ ಬಂತು. ಸಂಜೆ ಇವರು ಸ್ಕೂಲಿನಿಂದ ಬಂದು ಕೋಟು ತೆಗೆಯದೆ ಕೂತಾಗ ನಾನೇ ಎದುರಿಗೆ ಹೋಗಿ ಕೂತೆ.

"ನಿನಗೆ ಮಾರ್ಚಿನಿಂದ ಗೊತ್ತಿತ್ತೆ?" ಎಂದರು.

"ಗೊತ್ತಿತ್ತು."

"ಕೊರಕಲಲ್ಲಿ ಅಂಕಯ್ಯ ಸಿಕ್ಕರೆ ದಾರಿ ಬಿಟ್ಟು ನಿಲ್ಲುತ್ತಿದ್ದ. ಅವನಿಗೂ?"

"ಊರಿಗೆಲ್ಲ."

"ಹಾಗಾದರೆ ಎಲ್ಲರೂ ಸೇರಿ ನನ್ನನ್ನು ಸಾಕುತ್ತಿದ್ದಿರಿ" ಎಂದರು. ಬೈದಿದ್ದರೆ, ಒಂದು ಏಟು ಹಾಕಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮಂಗಳವಾರ ಸ್ಕೂಲಿಗೆ ಹೋದರು. ಬುಧವಾರ ಜಗಲಿಯ ಕಲ್ಲುಗಳನ್ನೆಲ್ಲ ಗೋಣಿಗೆ ತುಂಬಿ, ತಾವೇ ಹೊತ್ತು, ಅಂಕಯ್ಯನ ಸುಣ್ಣದ ಗೂಡಿಗೆ ಕೊಟ್ಟು ಬಂದರು. ಅಂಕಯ್ಯ ಬೇಡವೆಂದು ಕೈ ಮುಗಿದನಂತೆ. "ನಿನ್ನದೇ ಅಲ್ಲವೇನಯ್ಯಾ" ಎಂದರಂತೆ.

ನಿನ್ನೆ ರಾತ್ರಿ ದೀಪ ಆರಿಸಿದ ಮೇಲೆ ಕೇಳಿದರು: "ಅವನು ಅಲ್ಲಿ ಇದ್ದಾನೋ ಇಲ್ಲವೋ, ಅಷ್ಟು ಹೇಳು."

ಇದ್ದಾನೆ ಎಂದರೆ ಇನ್ನು ನಂಬುವುದಿಲ್ಲ. ಇಲ್ಲ ಎನ್ನಲು ನನಗೆ ಬಾಯಿಲ್ಲ. ಪುಟ್ಟಿ ಅತ್ತಳು, ಎದ್ದು ಹೋಗಿ ಅವಳ ಪಕ್ಕದಲ್ಲೇ ಉಳಿದುಬಿಟ್ಟೆ. ಉತ್ತರ ಕೊಡದೆ ಉಳಿದದ್ದು ನೀನೊಬ್ಬಳೇ ಅಲ್ಲ.

ಬೆಳಗ್ಗೆ ಏಳಕ್ಕೇ ಹೊರಟರು. ಇವತ್ತು ಬೇಗ ಯಾಕೆಂದರೆ ಕೆಲಸವಿದೆ ಎಂದರು. ಸ್ಕೂಲಿಗೆ ಹೋಗಿಲ್ಲ. "ಮೈಸೂರಿಗೆ ಹೋಗುತ್ತೇನೆ, ಒಬ್ಬರನ್ನು ಒಂದು ಮಾತು ಕೇಳಬೇಕು" ಎಂದು ಸಿದ್ದಮಲ್ಲಪ್ಪನವರಿಗೆ ರಜಾಚೀಟಿ ಕೊಟ್ಟಿದ್ದಾರೆ. ಅದನ್ನು ಕೇಳಿ ಜೀವ ಬಂತು. ನಿನ್ನ ಹತ್ತಿರ ಬಂದಿರುತ್ತಾರೆ ಎಂದುಕೊಂಡೆ. ಆದರೆ ಸಂಜೆ ಹಿತ್ತಲಿಗೆ ಹೋದರೆ ಗುದ್ದಲಿ ಇಲ್ಲ. ಮೈಸೂರಿಗೆ ಹೋಗುವವರಿಗೆ ಗುದ್ದಲಿ ಯಾಕೆ? ಬಸ್‌ಸ್ಟ್ಯಾಂಡಿನ ಏಜೆಂಟನನ್ನು ಕೇಳಿಸಿದೆ. ಮೈಸೂರಿನ ಬಸ್ಸು, ಮಡಿಕೇರಿಯ ಬಸ್ಸು ಎರಡೂ ಒಂದೇ ಹೊತ್ತಿಗೆ ನಿಂತಿದ್ದವು, ಮೇಷ್ಟ್ರು ಯಾವುದಕ್ಕೆ ಹತ್ತಿದರೋ ಕಾಣಲಿಲ್ಲ, ಕೈಲಿ ಗೋಣಿಯಲ್ಲಿ ಸುತ್ತಿದ್ದು ಏನೋ ಉದ್ದಕ್ಕೆ ಇತ್ತು ಎಂದನಂತೆ. ಮಡಿಕೇರಿಯ ಬಸ್ಸು ಪಿರಿಯಾಪಟ್ಟಣದ ಮೇಲೇ ಹೋಗುತ್ತದೆ.

ನಾನು ಈಗ ಸೌದೆ ಡಿಪೋ ಚನ್ನಬಸವಣ್ಣನವರ ಮನೆಯಲ್ಲಿದ್ದೇನೆ. ಇಲ್ಲಿ ಫೋನಿದೆ. ನನಗೆ ಗೊತ್ತಿರುವುದು ನಿನ್ನ ಕಾಲೇಜಿನ ನಂಬರೊಂದೇ. ಏಳು ಗಂಟೆಗೆ ಟ್ರಂಕ್ ಕಾಲ್ ಕೇಳಿದೆ, ಎಂಟಕ್ಕೆ ಮತ್ತೆ ಕೇಳಿದೆ. ಯಾರೂ ಎತ್ತುತ್ತಿಲ್ಲ ತಾಯಿ, ಬೀಗ ಹಾಕಿದ್ದಾರೇನೋ ಎಂದ ಆಪರೇಟರು. ನೀನು ದೊಡ್ಡ ತಂತಿ ಕಚೇರಿಗೆ ಹೋಗಿ ಇಲ್ಲಿಗೆ ಫೋನು ಮಾಡಬೇಕು, ಅದು ರಾತ್ರಿಯೂ ತೆರೆದಿರುತ್ತದಂತೆ. ಅಮ್ಮನನ್ನು ಜೊತೆಗೆ ಕರೆದುಕೊಂಡು ಲಾರಿಯಲ್ಲೇ ಹೋಗು, ನಿಂಗರಾಜುವಿಗೆ ಹೇಳಿದ್ದೇನೆ. ಹುಣಸೂರು, ನಂಬರು ಹದಿನಾಲ್ಕು. ನಾನು ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ. ಮಗು ಮಡಿಲಲ್ಲಿ ಮಲಗಿದೆ.

ಚನ್ನಬಸವಣ್ಣನವರ ಕಾರು ಮದುವೆಯೊಂದಕ್ಕೆ ಕೃಷ್ಣರಾಜನಗರಕ್ಕೆ ಹೋಗಿದೆ, ಬೆಳಗಿನ ಜಾವ ನಾಲ್ಕಕ್ಕೆ ಬರುತ್ತದೆ. "ಕೂಪನ್ನಿನ ಪೆಟ್ರೋಲು ಉಳಿದಿರುವುದು ಒಂದು ಕಡೆಗೆ ಹೋಗಿ ಬರುವಷ್ಟೇ ಕಣ್ರವ್ವ. ಮೈಸೂರಿಗೋ ಪಿರಿಯಾಪಟ್ಟಣಕ್ಕೋ, ನೀವು ಹೇಳಿದ ಕಡೆ ಬಿಡ್ತೀನಿ" ಎಂದಿದ್ದಾರೆ. ಎರಡಕ್ಕೂ ಸಾಲುವುದಿಲ್ಲ.

ಅವರು ನಿನ್ನ ಮನೆಗೆ ಬಂದಿದ್ದರೆ, ಇದ್ದಾರೆ ಎಂದು ಒಂದು ಮಾತು ಹೇಳು, ಆ ಕಡೆ ಬರುತ್ತೇನೆ. ಎಷ್ಟು ಸಲ ಕೇಳಿದರೂ ಈ ಸಲ ನಿಜವನ್ನೇ ಹೇಳು, ಎದುರಿಗೆ ಕೂತು ಹೇಳು. ಬಂದು ಹೋಗಿದ್ದರೆ ಎಷ್ಟು ಹೊತ್ತಿಗೆ, ಯಾವ ಕಡೆ ಎಂದು ಹೇಳು. ಬಂದೇ ಇಲ್ಲದಿದ್ದರೆ ಅದನ್ನೂ ಹೇಳು, ನನಗೆ ನೋವಾದೀತೆಂದು ತಡಮಾಡಬೇಡ. ಬಂದಿಲ್ಲ ಎಂದರೆ ಅವರು ಹೊಲದಲ್ಲಿದ್ದಾರೆ, ಜನ ಕಾಣದಿರಲೆಂದು ಕತ್ತಲಿಗೆ ಕಾದು, ಗುದ್ದಲಿ ಹಿಡಿದು.

ಅಲ್ಲಿ ಅವರಿಗೆ ಏನಾದರೂ ಸಿಗಬಹುದು, ಏನೂ ಸಿಗದಿರಬಹುದು. ಹದಿನೈದು ತಿಂಗಳಾಯಿತು. ನಿನಗೆ ಗೊತ್ತು, ನನಗೂ ಗೊತ್ತು, ನಾವು ಓದಿದವರು. ಎರಡರಲ್ಲಿ ಯಾವುದನ್ನೂ ಅವರೊಬ್ಬರೇ ನೋಡಬಾರದು. ಹೋದ ಸಲ ಗುಂಡಿಗೆ ಅವರೊಬ್ಬರೇ ಇಳಿದರು, ನನ್ನನ್ನು ಮನೆಯಲ್ಲಿ ಕೂರಿಸಿದರು, ನಾನೂ ಕೂತೆ.

ಲಾರಿ ಹಾರನ್ ಮಾಡುತ್ತಿದೆ. ನಾಲ್ಕು ಗಂಟೆಯೊಳಗೆ, ಸುನಂದಾ. ಆರಕ್ಕೆ ಬೆಳಕಾಗುತ್ತದೆ, ಬೆಳಕಾದರೆ ಹೊಲದ ದಾರಿಯಲ್ಲಿ ಜನ ಓಡಾಡುತ್ತಾರೆ. ನಮ್ಮ ಹಳೇ ಜಗಳ, ನಿನ್ನ ಕೆಲಸಕ್ಕೆ ನಾನು ತಂದ ಕುತ್ತು, ಎಲ್ಲಕ್ಕೂ ಆಮೇಲೆ ಬಂದು ಕಾಲು ಹಿಡಿಯುತ್ತೇನೆ. ಈಗ ಏಳು, ಸೆರಗು ಹೊದ್ದುಕೊಂಡು ಲಾರಿ ಹತ್ತು. ಬೆಳಗಾಗುವ ಮುನ್ನ ಫೋನು ಮಾಡು.

ಮಂಗಳ